ಅಹಮದ್ ಖಾನ್ (ಫುಟ್‌ಬಾಲ್ ಆಟಗಾರ)

ಅಹಮದ್ ಖಾನ್ (24 ಡಿಸೆಂಬರ್ 1926 – 27 ಆಗಸ್ಟ್ 2017): ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ 1949ರಿಂದ ಸುಮಾರು ಹತ್ತು ವರ್ಷ ಆಡಿದ ಫುಟ್‌ಬಾಲ್ ಆಟಗಾರ. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದ. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನದ ಪದಕ ಗೆದ್ದ ತಂಡದಲ್ಲಿದ್ದ. ಮುಂಚೂಣಿಯ ಎಡ ಒಳಭಾಗದಲ್ಲಿ, ಅಂದರೆ ಇನ್‌ಸೈಡ್ ಲೆಫ್ಟ್ ಸ್ಥಾನದಲ್ಲಿ, ಬರಿಗಾಲಲ್ಲಿ ಆಡುತ್ತ ಹೆಸರು ಮಾಡಿದ. ಚೆಂಡಿನ ಮೇಲೆ ಈತನಿಗಿದ್ದ ಹಿಡಿತವನ್ನು ಕಂಡವರು ‘ಹಾವಾಡಿಗ’ ಎಂದು ಕರೆದದ್ದೂ ಉಂಟು.

ಭಾರತ ಫುಟ್‌ಬಾಲ್ ತಂಡ ಆಡಿದ ಮೊದಲ ಎರಡು ಒಲಿಂಪಿಕ್ಸ್‌ಗಳಲ್ಲಿ ಅದಕ್ಕೆ ದಕ್ಕಿದ್ದು ತಲಾ ಒಂದೇ ಗೋಲು. 1948ರ ಗೋಲನ್ನು ಹೊಡೆದವನು ಸಾರಂಗಪಾಣಿ ರಾಮನ್, 1952ರದನ್ನು ಹೊಡೆದವನು ಅಹಮದ್ ಖಾನ್. ಇಬ್ಬರೂ ಬೆಂಗಳೂರಿನವರು. ಸ್ವಾತಂತ್ರ್ಯದ ಆಸುಪಾಸಿನ ದಶಕದಲ್ಲಿ ಭಾರತದ ಫುಟ್‌ಬಾಲ್‌ಗೆ ಮೈಸೂರು ಸಂಸ್ಥಾನ ಕೊಟ್ಟ ಕೊಡುಗೆ ಎಷ್ಟು ದೊಡ್ಡದೆಂಬುದಕ್ಕೆ ಈ ಎರಡು ಗೋಲುಗಳು ಸಾಕ್ಷಿ.

ಹಿನ್ನೆಲೆ: ದಂಡಿನ ಆಟ

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಮೂಲಕ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡುಪ್ರದೇಶವನ್ನು ಸ್ಥಾಪಿಸಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ರೆಜಿಮೆಂಟುಗಳ ನಡುವಿನ ಪಂದ್ಯಗಳು ಊರಿನವರ ಕಣ್ಣಿಗೂ ಬಿದ್ದವು. ಸಿಪಾಯಿಗಳು, ಬ್ಯಾರಕ್ಕುಗಳಲ್ಲಿ ಕೆಲಸಕ್ಕಿದ್ದವರು, ದಂಡಿನ ಅಂಗಡಿಕಾರರು ಮತ್ತು ಅವರ ಮಕ್ಕಳು ಆಟವನ್ನು ನೋಡುತ್ತಲೇ ಕಲಿತರು. ಹಲಸೂರು, ಗೌತಮಪುರ, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರದ ಸುತ್ತಮುತ್ತ ತಮಿಳು, ಉರ್ದು, ಕನ್ನಡ, ತೆಲುಗು, ಇಂಗ್ಲಿಷ್ ಬಲ್ಲ ಕುಟುಂಬಗಳು ಒತ್ತಾಗಿ ನೆಲೆಸಿದ್ದವು. ಕೇರಿ ಕೇರಿಗೂ ಒಂದು ತಂಡ ಹುಟ್ಟಿತು. ಕ್ರಿಕೆಟ್‌ಗೆ ಬೇಕಾದ ಖರ್ಚು ಫುಟ್‌ಬಾಲ್‌ಗೆ ಇರಲಿಲ್ಲ. ಒಂದು ಚೆಂಡು, ಒಂದಿಷ್ಟು ಬಯಲು ಸಿಕ್ಕರೆ ಇಪ್ಪತ್ತೆರಡು ಮಂದಿ ಆಡಬಹುದಿತ್ತು. ಬೂಟು ಕೊಳ್ಳುವ ಶಕ್ತಿ ಹೆಚ್ಚಿನವರಿಗೆ ಇರಲಿಲ್ಲವಾದ್ದರಿಂದ ಬರಿಗಾಲೇ ರೂಢಿಯಾಯಿತು.

ಅಹಮದ್ ಖಾನ್ ಬೆಳೆದದ್ದು ಈ ವಾತಾವರಣದಲ್ಲಿ. ಮನೆತನದಲ್ಲೇ ಫುಟ್‌ಬಾಲ್ ಇತ್ತು. ಬೆಂಗಳೂರು ಕ್ರೆಸೆಂಟ್ಸ್ ತಂಡದಲ್ಲಿ ಆಟ ಆರಂಭಿಸಿ, ಮುಂದೆ ಊರಿನ ಅತಿ ಪ್ರಸಿದ್ಧ ತಂಡವಾಗಿದ್ದ ಬೆಂಗಳೂರು ಮುಸ್ಲಿಮ್ಸ್ ಸೇರಿದ.

ಬೆಂಗಳೂರು ಮುಸ್ಲಿಮ್ಸ್ ಮತ್ತು ಮುಂಬಯಿಯ ರೋವರ್ಸ್ ಕಪ್

ಖಾನ್ ಬಾಲಕನಾಗಿದ್ದಾಗಲೇ ಬೆಂಗಳೂರು ಮುಸ್ಲಿಮ್ಸ್ ದೇಶವೆಲ್ಲ ಬಲ್ಲ ಹೆಸರಾಗಿತ್ತು. ಆ ಕಾಲದ ದೊಡ್ಡ ಪಂದ್ಯಾವಳಿಗಳೆಲ್ಲ ಬ್ರಿಟಿಷ್ ಸೇನೆಯ ಆಸರೆಯಲ್ಲಿ ಶುರುವಾದವು ಅಥವಾ ಬಹುಕಾಲ ಸೇನಾ ತಂಡಗಳ ಹಿಡಿತದಲ್ಲಿದ್ದವು. ಭಾರತೀಯ ತಂಡಗಳು ಅವನ್ನು ಒಂದೊಂದಾಗಿ ಗೆದ್ದುಕೊಂಡವು. 1911ರಲ್ಲಿ ಐಎಫ್‌ಎ ಶೀಲ್ಡ್ ಮೋಹನ್ ಬಾಗಾನ್ ತಂಡಕ್ಕೆ ಬಂತು. 1934ರಲ್ಲಿ ಕಲ್ಕತ್ತ ಲೀಗ್ ಮಹಮ್ಮಡನ್ ಸ್ಪೋರ್ಟಿಂಗ್ ಪಾಲಾಯಿತು. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್. 1940ರಲ್ಲಿ ಡ್ಯುರಾಂಡ್ ಕಪ್ ಕೂಡ ಮಹಮ್ಮಡನ್ ಸ್ಪೋರ್ಟಿಂಗ್ ಕೈಸೇರಿತು. ಈ ನಾಲ್ಕು ಗೆಲುವುಗಳ ಸಾಲಿನಲ್ಲಿ ಕಲ್ಕತ್ತೆಯ ಹೊರಗಿನ ತಂಡವೆಂದರೆ ಬೆಂಗಳೂರಿನದೊಂದೇ.

ರೋವರ್ಸ್ ಕಪ್ ಮುಂಬಯಿಯ ಪಂದ್ಯಾವಳಿ. 1891ರಲ್ಲಿ ಅದರ ಮೊದಲ ವಿಜೇತ ವೂಸ್ಟರ್‌ಷೈರ್ ರೆಜಿಮೆಂಟು. ಅಲ್ಲಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬ್ರಿಟಿಷ್ ರೆಜಿಮೆಂಟುಗಳೇ ಅದನ್ನು ಗೆಲ್ಲುತ್ತ ಬಂದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಫೈನಲ್‌ನಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ಸೋಲಿಸಿ ಕಪ್ ಪಡೆಯಿತು. ಮರುವರ್ಷವೂ ಕಪ್ಪನ್ನು ಉಳಿಸಿಕೊಂಡಿತು. 1948ರಲ್ಲಿ ಮೂರನೆಯ ಬಾರಿ ಗೆದ್ದಿತು. ಮುಂಬಯಿಯ ಫುಟ್‌ಬಾಲ್ ಪ್ರೇಮಿಗಳಿಗೆ ಬೆಂಗಳೂರಿನ ಆಟ ಪರಿಚಯವಾದದ್ದು ಹೀಗೆ. ಅತ್ತ ಕಲ್ಕತ್ತೆಯ ಕ್ಲಬ್ಬುಗಳೂ ಒಳ್ಳೆಯ ಆಟಗಾರರನ್ನು ಹುಡುಕುತ್ತ ಬೆಂಗಳೂರಿನ ಕಡೆ ನೋಡತೊಡಗಿದವು. ಮೂವತ್ತರ ದಶಕದಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ಲೀಗನ್ನು ಸತತ ಐದು ವರ್ಷ ಗೆದ್ದಾಗ ಅದರ ತಂಡದಲ್ಲಿ ದೇಶದ ನಾನಾ ಮೂಲೆಗಳಿಂದ ತಂದ ಆಟಗಾರರಿದ್ದರು. ಬೆಂಗಳೂರಿನವರೂ ಇದ್ದರು.

ಸಂಸ್ಥಾನದ ತಂಡವೂ ಬಲವಾಗಿತ್ತು. ಪ್ರಾಂತಗಳ ನಡುವಿನ ರಾಷ್ಟ್ರೀಯ ಪಂದ್ಯಾವಳಿಯಾದ ಸಂತೋಷ್ ಟ್ರೋಫಿ 1941ರಲ್ಲಿ ಆರಂಭವಾಯಿತು. 1946–47ರ ಸಾಲಿನಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಅದನ್ನು ಮೊದಲ ಬಾರಿ ಗೆದ್ದಿತು. ಒಂದೂವರೆ ವರ್ಷದ ಬಳಿಕ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ತಂಡವನ್ನು ಆರಿಸುವಾಗ ಈ ಗೆಲುವಿನ ಊರಿಗೆ ದೊಡ್ಡ ಪಾಲು ಸಿಕ್ಕಿತು.

ಲಂಡನ್, 1948

ಲಂಡನ್ನಿಗೆ ಹೋದ ತಂಡದ ನಾಯಕ ನಾಗಾ ಗುಡ್ಡಗಾಡಿನ ತಾಲಿಮೆರೆನ್ ಆವೊ, ತರಬೇತುದಾರ ಬಲಾಯಿದಾಸ್ ಚಟರ್ಜಿ. ಬೆಂಗಳೂರಿನಿಂದ ಗೋಲ್‌ಕೀಪರ್ ಕೆ.ವಿ. ವರದರಾಜ್, ಎಸ್.ಎ. ಬಶೀರ್, ಬಿ.ಎನ್. ವಜ್ರವೇಲು, ಕೆ.ಪಿ. ಧನರಾಜ್, ಸಾರಂಗಪಾಣಿ ರಾಮನ್ ಮತ್ತು ಅಹಮದ್ ಖಾನ್ ಆಯ್ಕೆಯಾದರು. ಇನ್ನೊಬ್ಬ ಗೋಲ್‌ಕೀಪರ್ ಸಂಜೀವ ಉಚ್ಚಿಲ್ ಮುಂಬಯಿಯ ಆಟಗಾರ. ಖಾನ್‌ಗೆ ಆಗ ಇಪ್ಪತ್ತೊಂದು ವರ್ಷ.

1948ರ ಜುಲೈ 31ರಂದು ಲಂಡನ್ನಿನ ಹೊರವಲಯದ ಇಲ್ಫರ್ಡ್‌ನಲ್ಲಿರುವ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಭಾರತ ಫ್ರಾನ್ಸ್ ವಿರುದ್ಧ ಆಡಿತು. ಭಾರತೀಯರಲ್ಲಿ ಹೆಚ್ಚಿನವರು ಬರಿಗಾಲಲ್ಲಿದ್ದರು. ಮುಂಚೂಣಿಯ ನಡುವೆ ಸಾಹು ಮೇವಾಲಾಲ್, ಅವನ ಎರಡು ಪಕ್ಕದಲ್ಲಿ ರಾಮನ್ ಮತ್ತು ಖಾನ್ ನಿಂತಿದ್ದರು. ಅರ್ಧಗಂಟೆಯ ಆಟವಾದಾಗ ಫ್ರಾನ್ಸ್ ಒಂದು ಗೋಲು ಹೊಡೆಯಿತು. ಎಪ್ಪತ್ತನೆಯ ನಿಮಿಷದಲ್ಲಿ ರಾಮನ್ ಅದನ್ನು ಸರಿದೂಗಿಸಿದ. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ಸ್ ಗೋಲು ಅದು. ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿಗಳು ಸಿಕ್ಕವು. ಶೈಲೇನ್ ಮನ್ನಾ ಮತ್ತು ಮಹಾವೀರ್ ಪ್ರಸಾದ್ ಎರಡನ್ನೂ ಕಳೆದುಕೊಂಡರು. ಆಟ ಮುಗಿಯುವ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2–1ರಿಂದ ಗೆದ್ದಿತು. ಭಾರತ ಫುಟ್‌ಬಾಲ್ ತಂಡದ ಪಾಲಿಗೆ ಆ ಒಲಿಂಪಿಕ್ಸ್ ಒಂದೇ ಪಂದ್ಯದಲ್ಲಿ ಮುಗಿಯಿತು. ಆದರೂ ಬರಿಗಾಲ ತಂಡ ಯುರೋಪಿನ ತಂಡಕ್ಕೆ ಸಮನಾಗಿ ಆಡಿದ್ದನ್ನು ಇಂಗ್ಲೆಂಡಿನ ಪ್ರೇಕ್ಷಕರು ಮೆಚ್ಚಿದರು. ಕಲ್ಕತ್ತೆಯ ಕ್ಲಬ್ಬುಗಳಿಗೆ ಈ ಪ್ರವಾಸ ದಕ್ಷಿಣದ ಆಟಗಾರರ ಪರೀಕ್ಷೆಯೂ ಆಗಿತ್ತು.

ಈಸ್ಟ್ ಬೆಂಗಾಲ್ ಮತ್ತು ‘ಪಂಚಪಾಂಡವರು’

1920ರ ಆಗಸ್ಟ್ 1ರಂದು ಸ್ಥಾಪನೆಯಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೆಸರೇ ಸೂಚಿಸುವಂತೆ ಪೂರ್ವ ಬಂಗಾಳ ಮೂಲದವರ ಬೆಂಬಲವಿತ್ತು. 1947ರ ದೇಶವಿಭಜನೆಯ ನಂತರ ಊರು ಮನೆ ಕಳೆದುಕೊಂಡು ಕಲ್ಕತ್ತೆಗೆ ಬಂದ ಲಕ್ಷಾಂತರ ಮಂದಿಗೆ ಈ ಕ್ಲಬ್ಬು ತಮ್ಮದೆನ್ನಬಹುದಾದ ಒಂದು ನೆಲೆಯಾಯಿತು. ಅದರ ಗೆಲುವು ಸೋಲುಗಳಿಗೆ ಆಟವನ್ನು ಮೀರಿದ ತೂಕ ಬಂದದ್ದು ಆಗಲೇ. ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷ್ ಚಂದ್ರ ಗುಹ ದಕ್ಷಿಣ ಭಾರತದಿಂದ ಒಬ್ಬೊಬ್ಬರನ್ನಾಗಿ ಮುಂಚೂಣಿ ಆಟಗಾರರನ್ನು ಕರೆತಂದ. 1949ರಲ್ಲಿ ಅಹಮದ್ ಖಾನ್ ಸೇರಿದಾಗ ಆ ಸಾಲು ಪೂರ್ಣವಾಯಿತು.

ಅಂದಿನ ತಂಡಗಳು ಇಬ್ಬರು ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬ ರಚನೆಯಲ್ಲಿ ಆಡುತ್ತಿದ್ದವು. ಈಸ್ಟ್ ಬೆಂಗಾಲ್‌ನ ಐವರಲ್ಲಿ ಬಲ ಅಂಚಿನಲ್ಲಿ ಪಿ. ವೆಂಕಟೇಶ್, ಅವನ ಒಳಗೆ ಅಪ್ಪಾರಾವ್, ನಡುವೆ ಧನರಾಜ್, ಎಡ ಒಳಭಾಗದಲ್ಲಿ ಅಹಮದ್ ಖಾನ್, ಎಡ ಅಂಚಿನಲ್ಲಿ ಪಿ.ಬಿ.ಎ. ಸಾಲೆ ಆಡುತ್ತಿದ್ದರು. ಅಪ್ಪಾರಾವ್ ಆಂಧ್ರದವನು, ಸಾಲೆ ಕೇರಳದವನು, ಧನರಾಜ್ ಮತ್ತು ಖಾನ್ ಬೆಂಗಳೂರಿನವರು. ಐವರೂ ದಕ್ಷಿಣದವರು. ಕಲ್ಕತ್ತೆಯ ಜನ ಇವರಿಗೆ ‘ಪಂಚಪಾಂಡವರು’ ಎಂದು ಹೆಸರಿಟ್ಟರು. 1949ರಿಂದ 1953ರವರೆಗೆ ಐವರು ಒಟ್ಟಾಗಿ ಆಡಿದ ಅವಧಿಯನ್ನು ಕ್ಲಬ್ಬಿನ ಸುವರ್ಣಯುಗ ಎನ್ನುತ್ತಾರೆ.

ಮೊದಲ ವರ್ಷವೇ ಫಲ ಕಂಡಿತು. 1949ರಲ್ಲಿ ಈಸ್ಟ್ ಬೆಂಗಾಲ್ ಕಲ್ಕತ್ತ ಲೀಗ್, ಐಎಫ್‌ಎ ಶೀಲ್ಡ್ ಮತ್ತು ಮುಂಬಯಿಯ ರೋವರ್ಸ್ ಕಪ್ ಮೂರನ್ನೂ ಗೆದ್ದಿತು. ಹಿಂದಿನ ವರ್ಷ ಬೆಂಗಳೂರು ಮುಸ್ಲಿಮ್ಸ್ ಎತ್ತಿದ್ದ ಕಪ್ಪೇ ಈಗ ಬೆಂಗಳೂರಿನ ಇಬ್ಬರಿದ್ದ ಕಲ್ಕತ್ತೆಯ ತಂಡದ ಕೈಗೆ ಹೋಯಿತು. 1950ರಲ್ಲಿ ಲೀಗ್ ಮತ್ತು ಶೀಲ್ಡ್ ಮತ್ತೆ ಬಂದವು. 1951ರಲ್ಲಿ ಮೋಹನ್ ಬಾಗಾನ್ ಎದುರಿನ ಶೀಲ್ಡ್ ಫೈನಲ್ ಗೋಲಿಲ್ಲದೆ ಸಮವಾಯಿತು. ಮರುಪಂದ್ಯದಲ್ಲಿ ಗೆದ್ದ ಈಸ್ಟ್ ಬೆಂಗಾಲ್ ಶೀಲ್ಡನ್ನು ಸತತ ಮೂರನೆಯ ವರ್ಷ ಉಳಿಸಿಕೊಂಡಿತು. ಭಾರತೀಯ ಕ್ಲಬ್ಬೊಂದು ಈ ಸಾಧನೆ ಮಾಡಿದ್ದು ಅದೇ ಮೊದಲು. ಅದೇ ವರ್ಷ ದೆಹಲಿಯಲ್ಲಿ ಡ್ಯುರಾಂಡ್ ಕಪ್ಪನ್ನೂ ಗೆದ್ದಿತು. 1952ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಸೋಲಿಸಿ ಆ ಕಪ್ಪನ್ನು ಉಳಿಸಿಕೊಂಡಿತು. ಲೀಗ್ ಕೂಡ ಆ ವರ್ಷ ಕೈಗೆ ಬಂತು.

ಹೈದರಾಬಾದ್ ಪೊಲೀಸ್ ತಂಡವೇ ಆ ಕಾಲದಲ್ಲಿ ಈಸ್ಟ್ ಬೆಂಗಾಲ್‌ಗೆ ಸರಿಸಾಟಿ. ಸೈಯದ್ ಅಬ್ದುಲ್ ರಹೀಮ್ ತರಬೇತಿ ಕೊಟ್ಟ ಆ ತಂಡ 1950ರಿಂದ 1954ರವರೆಗೆ ಐದು ವರ್ಷ ರೋವರ್ಸ್ ಕಪ್ಪನ್ನು ಬಿಟ್ಟುಕೊಡಲಿಲ್ಲ. ಹಾಗಾಗಿ ಪಂಚಪಾಂಡವರ ಆಳ್ವಿಕೆ ಕಲ್ಕತ್ತೆ ಮತ್ತು ದೆಹಲಿಗೆ ಸೀಮಿತವಾಯಿತು, ಮುಂಬಯಿಯಲ್ಲಿ ಅದು ಒಂದೇ ವರ್ಷದ್ದು.

ಆಗಿನ ಆಟಗಾರರು ಲೆಕ್ಕಪತ್ರದಲ್ಲಿ ಹವ್ಯಾಸಿಗಳು. ಕ್ಲಬ್ಬಿನ ಮೆಸ್ಸಿನಲ್ಲಿ ಊಟ ವಸತಿ, ರೈಲ್ವೆಯಲ್ಲೋ ಬಂದರಿನಲ್ಲೋ ಕಂಪನಿಯಲ್ಲೋ ಒಂದು ನೌಕರಿ, ಇಷ್ಟರ ಮೇಲೆ ಅವರ ಬದುಕು ನಡೆಯುತ್ತಿತ್ತು. ಹೊರರಾಜ್ಯದ ಆಟಗಾರ ಹಲವು ವರ್ಷ ಒಂದೇ ಕ್ಲಬ್ಬಿಗೆ ಅಂಟಿಕೊಂಡಿರುವುದು ಅಪರೂಪ. ಖಾನ್ 1959ರವರೆಗೂ ಈಸ್ಟ್ ಬೆಂಗಾಲ್‌ನಲ್ಲೇ ಉಳಿದ.

ಆಡದೆ ಬಿಟ್ಟ ವಿಶ್ವಕಪ್

1950ರ ವಿಶ್ವಕಪ್ ಬ್ರೆಜಿಲ್‌ನಲ್ಲಿ ನಡೆಯಿತು. ಅರ್ಹತಾ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ ಮತ್ತು ಫಿಲಿಪೀನ್ಸ್ ಹಿಂದೆಗೆದದ್ದರಿಂದ ಭಾರತಕ್ಕೆ ಆಡದೆಯೇ ಅರ್ಹತೆ ಸಿಕ್ಕಿತು. ಇಟಲಿ, ಸ್ವೀಡನ್ ಮತ್ತು ಪರಗ್ವೆ ಇದ್ದ ಗುಂಪಿನಲ್ಲಿ ಅದರ ಹೆಸರೂ ಸೇರಿತು. ಭಾರತ ಹೋಗಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲವೆಂಬ ಕಾರಣ ಜನಪ್ರಿಯವಾಗಿದೆ. ಆದರೆ ಆ ತಂಡಕ್ಕೆ ನಾಯಕನಾಗಬಹುದಾಗಿದ್ದ ಶೈಲೇನ್ ಮನ್ನಾ ಮುಂದೆ ಈ ಮಾತನ್ನು ಒಪ್ಪಲಿಲ್ಲ. ದೂರದ ಸಮುದ್ರಯಾನ, ಖರ್ಚು, ಅಭ್ಯಾಸಕ್ಕೆ ಸಮಯದ ಕೊರತೆ, ವಿಶ್ವಕಪ್ಪಿಗಿಂತ ಒಲಿಂಪಿಕ್ಸನ್ನೇ ದೊಡ್ಡದೆಂದು ಎಣಿಸುತ್ತಿದ್ದ ಭಾರತೀಯ ಫುಟ್‌ಬಾಲ್ ಒಕ್ಕೂಟದ ಮನೋಭಾವ, ಇವೆಲ್ಲ ಸೇರಿ ಆ ನಿರ್ಧಾರವಾಯಿತು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಪಂಚಪಾಂಡವರು ತಮ್ಮ ಆಟದ ಉತ್ತುಂಗದಲ್ಲಿದ್ದ ವರ್ಷವದು. ಯುರೋಪ್ ಮತ್ತು ದಕ್ಷಿಣ ಅಮೆರಿಕದ ಬಲಿಷ್ಠ ತಂಡಗಳ ಎದುರು ಒಂದೇ ಕೂಟದಲ್ಲಿ ಆಡುವ ಅವಕಾಶ ಈ ಪೀಳಿಗೆಗೆ ಮತ್ತೆ ಬರಲಿಲ್ಲ.

ದೆಹಲಿ, 1951

ಮೊದಲ ಏಷ್ಯನ್ ಕ್ರೀಡಾಕೂಟ 1951ರ ಮಾರ್ಚಿನಲ್ಲಿ ದೆಹಲಿಯಲ್ಲಿ ನಡೆಯಿತು. ಫುಟ್‌ಬಾಲ್‌ನಲ್ಲಿ ಭಾರತ, ಇರಾನ್, ಜಪಾನ್, ಇಂಡೋನೇಷ್ಯಾ, ಬರ್ಮಾ, ಅಫ್ಘಾನಿಸ್ತಾನ ಹೀಗೆ ಆರು ತಂಡಗಳಿದ್ದವು. ಮನ್ನಾ ನಾಯಕ, ರಹೀಮ್ ತರಬೇತುದಾರ. ಭಾರತ ಇಂಡೋನೇಷ್ಯಾವನ್ನೂ ಅಫ್ಘಾನಿಸ್ತಾನವನ್ನೂ 3–0 ಅಂತರದಿಂದ ಸೋಲಿಸಿ ಫೈನಲ್ ತಲುಪಿತು. ಇರಾನ್ ವಿರುದ್ಧದ ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಬಂತು. ಅಂತರರಾಷ್ಟ್ರೀಯ ಫುಟ್‌ಬಾಲ್‌ನಲ್ಲಿ ಸ್ವತಂತ್ರ ಭಾರತದ ಮೊದಲ ದೊಡ್ಡ ಗೆಲುವು ಇದು.

ತಂಡದಲ್ಲಿ ಖಾನ್‌ನ ಪಾತ್ರ ಮೇವಾಲಾಲ್‌ನಂಥ ನೇರ ಗೋಲುಗಾರನದಲ್ಲ. ಹಾಫ್‌ಬ್ಯಾಕ್‌ಗಳಿಂದ ಚೆಂಡು ಪಡೆದು, ಎದುರಾಳಿಯನ್ನು ತನ್ನ ಕಡೆ ಎಳೆದುಕೊಂಡು, ಬಿಟ್ಟುಹೋದ ಜಾಗಕ್ಕೆ ಚೆಂಡನ್ನು ಕಳಿಸುವುದು ಇನ್‌ಸೈಡ್ ಫಾರ್ವರ್ಡ್‌ನ ಕೆಲಸ. ಸೆಂಟರ್ ಫಾರ್ವರ್ಡ್‌ನ ಹೆಸರಿಗೆ ಬರೆದ ಎಷ್ಟೋ ಗೋಲುಗಳು ಹುಟ್ಟುವುದು ಅಲ್ಲಿ.

ಹೆಲ್ಸಿಂಕಿ, 1952

ಏಷ್ಯಾದ ಚಿನ್ನ ಗೆದ್ದ ತಂಡ ಮರುವರ್ಷ ಫಿನ್ಲೆಂಡಿಗೆ ಹೋಯಿತು. 1952ರ ಜುಲೈ 15ರಂದು ಹೆಲ್ಸಿಂಕಿಯಲ್ಲಿ ಪ್ರಾಥಮಿಕ ಸುತ್ತಿನ ಪಂದ್ಯದಲ್ಲಿ ಎದುರಾದದ್ದು ಯುಗೊಸ್ಲಾವಿಯ. 1948ರಲ್ಲಿ ಬೆಳ್ಳಿ ಗೆದ್ದಿದ್ದ ತಂಡ ಅದು. ಬೊಬೆಕ್, ಮಿಟಿಚ್, ವುಕಾಸ್, ಜೆಬೆಕ್‌ರಂಥ ಹೆಸರಾಂತ ಮುಂಚೂಣಿ ಆಟಗಾರರು ಅದರಲ್ಲಿದ್ದರು. ಪೂರ್ವ ಯುರೋಪಿನ ಸರ್ಕಾರಗಳು ತಮ್ಮ ಶ್ರೇಷ್ಠ ಆಟಗಾರರನ್ನೇ ಹವ್ಯಾಸಿಗಳೆಂದು ಒಲಿಂಪಿಕ್ಸ್‌ಗೆ ಕಳಿಸುತ್ತಿದ್ದ ಕಾಲವದು. ಭಾರತೀಯರು ಉತ್ತರದ ತಂಪಿನಲ್ಲಿ, ಹೆಚ್ಚಿನವರು ಬರಿಗಾಲಲ್ಲಿ, ಆಡಿದರು. ಯುಗೊಸ್ಲಾವಿಯ ಹತ್ತು ಗೋಲು ಹೊಡೆಯಿತು. ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅಹಮದ್ ಖಾನ್ ಭಾರತದ ಒಂದೇ ಗೋಲನ್ನು ಹೊಡೆದ. ಪಂದ್ಯ 10–1ರಲ್ಲಿ ಮುಗಿಯಿತು. ಒಲಿಂಪಿಕ್ಸ್‌ನಲ್ಲಿ ಭಾರತದ ಅತಿ ದೊಡ್ಡ ಸೋಲು ಅದೇ.

ಎದುರಾಳಿಯ ಬಲವನ್ನು ಗಮನಿಸಿದರೆ ಈ ಸೋಲಿನ ಅಳತೆ ಸ್ವಲ್ಪ ಬದಲಾಗುತ್ತದೆ. ಮುಂದಿನ ಸುತ್ತಿನಲ್ಲಿ ಯುಗೊಸ್ಲಾವಿಯ ಸೋವಿಯತ್ ಒಕ್ಕೂಟದ ವಿರುದ್ಧ 5–5ರ ಸಮಬಲ ಸಾಧಿಸಿತು, ಮರುಪಂದ್ಯದಲ್ಲಿ 3–1ರಿಂದ ಗೆದ್ದಿತು. ಫೈನಲ್‌ನಲ್ಲಿ ಅದನ್ನು ತಡೆದದ್ದು ಪುಷ್ಕಾಷ್ ಇದ್ದ ಹಂಗೆರಿ ಮಾತ್ರ, ಅದೂ 2–0 ಅಂತರದಿಂದ. ಆದರೂ ದೆಹಲಿಯ ಚಿನ್ನದ ಬೆನ್ನಿಗೇ ಬಂದ ಈ ಫಲಿತಾಂಶ ದೇಶದ ಫುಟ್‌ಬಾಲ್ ಆಡಳಿತವನ್ನು ಬೆಚ್ಚಿಬೀಳಿಸಿತು. ಅದರ ನೇರ ಪರಿಣಾಮವಾಗಿ ಬೂಟು ಕಡ್ಡಾಯವಾಯಿತು.

ಬರಿಗಾಲಿನಿಂದ ಬೂಟಿಗೆ

ಬರಿಗಾಲ ಆಟಕ್ಕೆ ಬಡತನವೊಂದೇ ಕಾರಣವಲ್ಲ. ಒಣ, ಗಟ್ಟಿ ನೆಲದಲ್ಲಿ ಬರಿಗಾಲಿನ ಆಟಗಾರನಿಗೆ ಲಾಭವಿತ್ತು. ಬೆರಳುಗಳಿಂದ ಚೆಂಡನ್ನು ಮುಟ್ಟಿ ದಿಕ್ಕು ತಿರುಗಿಸುವುದು, ಥಟ್ಟನೆ ನಿಂತು ಮತ್ತೆ ಓಡುವುದು ಅವನಿಗೆ ಸುಲಭ. ಮಳೆಗಾಲದಲ್ಲಿ ಲೆಕ್ಕ ತಲೆಕೆಳಗಾಗುತ್ತಿತ್ತು. ಕಲ್ಕತ್ತೆಯ ಲೀಗ್ ಮಳೆಗಾಲದಲ್ಲೇ ನಡೆಯುತ್ತಿದ್ದುದರಿಂದ ಕೆಸರಿನಲ್ಲಿ ಜಾರುವ ಬರಿಗಾಲ ತಂಡಗಳು ಬೂಟು ತೊಟ್ಟ ಸೇನಾ ತಂಡಗಳಿಗೆ ಸೋಲುತ್ತಿದ್ದವು. ಒದ್ದೆ ದಿನಗಳಲ್ಲಿ ಬೂಟು ತೊಡುವ ರೂಢಿ ತಂದ ಮಹಮ್ಮಡನ್ ಸ್ಪೋರ್ಟಿಂಗ್ 1934ರಿಂದ ಲೀಗನ್ನು ಸಾಲಾಗಿ ಗೆದ್ದದ್ದಕ್ಕೆ ಇದೂ ಒಂದು ಕಾರಣ. ಭಾರವಾದ ಚರ್ಮದ ಚೆಂಡು, ದೂರದ ಹೊಡೆತ, ಬೂಟಿನ ಕಾಲುಗಳ ನಡುವಿನ ತಿಕ್ಕಾಟ, ಈ ಮೂರರಲ್ಲೂ ಬರಿಗಾಲಿಗೆ ತೊಂದರೆಯೇ.

ಈಗಾಗಲೇ ಪಳಗಿದ್ದ ಆಟಗಾರರಿಗೆ ಬೂಟಿಗೆ ಹೊಂದಿಕೊಳ್ಳುವುದು ಸುಲಭವಿರಲಿಲ್ಲ. ಚೆಂಡನ್ನು ಮುಟ್ಟುವ ಅಭ್ಯಾಸವನ್ನೇ ಹೊಸದಾಗಿ ಕಲಿಯಬೇಕಿತ್ತು. ಖಾನ್ ಈ ಬದಲಾವಣೆಯ ಎರಡೂ ಬದಿಯಲ್ಲಿ ಆಡಿದವರ ಪೈಕಿ ಒಬ್ಬ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡ ಹೊಸ ಪೀಳಿಗೆಯದು. ಮುಂಬಯಿಯಲ್ಲಿ ಆಡುತ್ತಿದ್ದ ನೆವಿಲ್ ಡಿಸೋಜ ಆಸ್ಟ್ರೇಲಿಯದ ವಿರುದ್ಧ ಮೂರು ಗೋಲು ಹೊಡೆದ. ಭಾರತ 4–2ರಿಂದ ಗೆದ್ದು ಸೆಮಿಫೈನಲ್ ತಲುಪಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಸೆಮಿಫೈನಲ್‌ನಲ್ಲಿ ಎದುರಾದದ್ದು ಮತ್ತೆ ಯುಗೊಸ್ಲಾವಿಯ. ಅಂತರ ಈ ಬಾರಿ 4–1. ನಾಲ್ಕು ವರ್ಷಗಳಲ್ಲಿ ಆದ ಬದಲಾವಣೆಯ ಅಳತೆ ಅದರಲ್ಲೇ ಇದೆ.

ವಿದೇಶಿ ತಂಡಗಳು, ಕೊನೆಯ ವರ್ಷಗಳು

ಒಲಿಂಪಿಕ್ಸ್‌ನ ಆಚೆಗೂ ಈಸ್ಟ್ ಬೆಂಗಾಲ್‌ಗೆ ಯುರೋಪಿನ ತಂಡಗಳ ಎದುರು ಆಡುವ ಸಂದರ್ಭಗಳು ಬಂದವು. 1951ರಲ್ಲಿ ಭಾರತಕ್ಕೆ ಬಂದ ಸ್ವೀಡನ್ನಿನ ಗೋಥೆನ್‌ಬರ್ಗ್ ತಂಡವನ್ನು ಅದು 1–0ರಿಂದ ಸೋಲಿಸಿತು. 1953ರಲ್ಲಿ ಬುಕಾರೆಸ್ಟ್‌ನಲ್ಲಿ ನಡೆದ ವಿಶ್ವ ಯುವಜನ ಉತ್ಸವದಲ್ಲಿ ಆಡಲು ರೊಮೇನಿಯಕ್ಕೆ ಹೋಯಿತು, ಅಲ್ಲಿಂದ ಸೋವಿಯತ್ ಒಕ್ಕೂಟದಲ್ಲೂ ಪ್ರವಾಸ ಮಾಡಿತು. ಮಾಸ್ಕೋದ ಟಾರ್ಪಿಡೊ ತಂಡದೊಂದಿಗೆ 3–3ರ ಸಮಬಲ ಆ ಪ್ರವಾಸದ ಹೆಮ್ಮೆಯ ಫಲಿತಾಂಶ. ಉಳಿದ ಸೋವಿಯತ್ ತಂಡಗಳ ಎದುರು ಭಾರಿ ಅಂತರದ ಸೋಲುಗಳಾದವು.

ಆ ವರ್ಷದೊಂದಿಗೆ ಪಂಚಪಾಂಡವರ ಸಾಲು ಒಡೆಯಿತು. ಉಳಿದವರು ಒಬ್ಬೊಬ್ಬರಾಗಿ ಸರಿದ ಮೇಲೂ ಖಾನ್ ಕ್ಲಬ್ಬಿನಲ್ಲಿ ಇದ್ದ. 1956ರಲ್ಲಿ ಈಸ್ಟ್ ಬೆಂಗಾಲ್ ಹೈದರಾಬಾದ್ ಪೊಲೀಸ್ ತಂಡವನ್ನು ಸೋಲಿಸಿ ಡ್ಯುರಾಂಡ್ ಕಪ್ಪನ್ನು ಮೂರನೆಯ ಬಾರಿ ಪಡೆಯಿತು. 1958ರಲ್ಲಿ ಐಎಫ್‌ಎ ಶೀಲ್ಡ್ ಮತ್ತೆ ಬಂತು. 1959ರಲ್ಲಿ ಖಾನ್ ಕ್ಲಬ್ಬಿನಿಂದ ನಿವೃತ್ತನಾದ. ಮುಂದೆ ಬೆಂಗಳೂರಿಗೆ ಮರಳಿ ಅಲ್ಲೇ ನೆಲೆಸಿದ. 2017ರ ಆಗಸ್ಟ್ 27ರಂದು ಅಲ್ಲೇ ತೀರಿಕೊಂಡಾಗ ವಯಸ್ಸು ತೊಂಬತ್ತು.

ಆಟದ ಬಗೆ

ಖಾನ್‌ನ ಆಟದಲ್ಲಿ ಎದ್ದು ಕಾಣುತ್ತಿದ್ದುದು ಡ್ರಿಬ್ಲಿಂಗ್. ಎದುರಾಳಿ ಮೈಮೇಲೆ ಬರುವವರೆಗೂ ಚೆಂಡನ್ನು ಕಾಲಿನ ಬಳಿಯಲ್ಲೇ ಇಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ದಿಕ್ಕು ತಪ್ಪಿಸುವುದು ಈತನ ವೈಖರಿ. ಇದರಿಂದ ಇಬ್ಬರು ಮೂವರು ರಕ್ಷಕರು ಒಂದೇ ಕಡೆ ಸೇರುತ್ತಿದ್ದರು. ಆಗ ಎಡ ಅಂಚಿನಲ್ಲಿ ಸಾಲೆಗೋ ನಡುವೆ ಧನರಾಜ್‌ಗೋ ದಾರಿ ತೆರೆಯುತ್ತಿತ್ತು. ಪಂಚಪಾಂಡವರಲ್ಲಿ ಅಂಚಿನವರ ಬಲ ಓಟದಲ್ಲಿ, ಧನರಾಜ್‌ನ ಬಲ ಗೋಲಿನೆದುರು. ಒಳಭಾಗದ ಇಬ್ಬರು, ಅಪ್ಪಾರಾವ್ ಮತ್ತು ಖಾನ್, ಹಿಂದಿನ ಸಾಲನ್ನು ಮುಂದಿನ ಸಾಲಿಗೆ ಕೂಡಿಸುವವರು.

ದೈಹಿಕ ಬಲವನ್ನು ನೆಚ್ಚಿ ಎತ್ತರದ ಚೆಂಡಿನಲ್ಲಿ ಆಡುತ್ತಿದ್ದ ಸೇನಾ ತಂಡಗಳ ಶೈಲಿಗೆ ಇದು ವಿರುದ್ಧವಾದದ್ದು. ನೆಲಕ್ಕೆ ಅಂಟಿದ ಚೆಂಡು, ಚಿಕ್ಕ ಪಾಸ್, ಕಾಲಿನ ಚಳಕ, ಇವು ಬೆಂಗಳೂರಿನ ಇಕ್ಕಟ್ಟಾದ ಬಯಲುಗಳಲ್ಲಿ ಬರಿಗಾಲಲ್ಲಿ ಆಡಿದವರ ಗುಣಗಳು. ಈಸ್ಟ್ ಬೆಂಗಾಲ್ ಅವನ್ನೇ ತನ್ನ ತಂಡದ ಶೈಲಿಯಾಗಿ ರೂಪಿಸಿಕೊಂಡಿತು.

ಗೋಲುಗಳ ಲೆಕ್ಕ

ಆ ಕಾಲದ ಭಾರತೀಯ ಆಟಗಾರರನ್ನು ಗೋಲುಗಳ ಸಂಖ್ಯೆಯಿಂದ ಅಳೆಯುವುದರಲ್ಲಿ ತೊಡಕುಗಳಿವೆ. ಲೀಗ್, ಶೀಲ್ಡ್, ಆಹ್ವಾನಿತ ಕಪ್ಪುಗಳು, ಪ್ರದರ್ಶನ ಪಂದ್ಯಗಳು ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿದ್ದವು. ಪತ್ರಿಕಾ ವರದಿಗಳಲ್ಲಿ ಗೋಲು ಹೊಡೆದವನ ಹೆಸರಿಗೆ ಇದ್ದ ಜಾಗ ಚೆಂಡು ಕೊಟ್ಟವನಿಗೆ ಇರಲಿಲ್ಲ. ಅಂತರರಾಷ್ಟ್ರೀಯ ಪಂದ್ಯಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಹಾಗಾಗಿ ಇನ್‌ಸೈಡ್ ಫಾರ್ವರ್ಡ್‌ನ ಕೆಲಸದ ದೊಡ್ಡ ಭಾಗ ಅಂಕಿಗಳಿಗೆ ಸಿಕ್ಕದೆ ಹೋಗುತ್ತದೆ. ಅಹಮದ್ ಖಾನ್ ಹೆಸರಿನೊಂದಿಗೆ ಎಲ್ಲೆಡೆ ಬರುವ ಗೋಲು ಹೆಲ್ಸಿಂಕಿಯದು. ಅದು ಪಂದ್ಯದ ಫಲಿತಾಂಶದ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ. ತಂಡದ ಗೆಲುವಿಗೆ ಈತ ನೀಡಿದ ಕೊಡುಗೆಯನ್ನು ತೋರಿಸುವುದು ಈಸ್ಟ್ ಬೆಂಗಾಲ್ ಸತತವಾಗಿ ಗೆದ್ದ ಮೂರು ಶೀಲ್ಡ್‌ಗಳು, ಅದೇ ಕಾಲದಲ್ಲಿ ಅದು ಪಡೆದ ಮೂರು ಲೀಗ್ ಪ್ರಶಸ್ತಿಗಳು ಮತ್ತು ದೆಹಲಿಯ ಚಿನ್ನ.

ಬೆಂಗಳೂರಿನ ಪರಂಪರೆಯಲ್ಲಿ ಸ್ಥಾನ

ರಾಮನ್, ಖಾನ್, ಧನರಾಜ್ ಅವರ ಪೀಳಿಗೆ ಹಾಕಿಕೊಟ್ಟ ದಾರಿಯಲ್ಲಿ ಮುಂದಿನ ಎರಡು ದಶಕ ಬೆಂಗಳೂರಿನ ಆಟಗಾರರು ಕಲ್ಕತ್ತೆಗೆ ಹೋಗುತ್ತಲೇ ಇದ್ದರು. ಕೆಂಪಯ್ಯ 1956ರ ಒಲಿಂಪಿಕ್ಸ್ ತಂಡದಲ್ಲಿದ್ದ. ಅರುಮೈನಾಯಗಂ 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಆಡಿದ. ಎಪ್ಪತ್ತರ ದಶಕದಲ್ಲಿ ಉಲಗನಾಥನ್ ಮೋಹನ್ ಬಾಗಾನ್ ಸೇರಿದ. ಊರಿನಲ್ಲೇ ಉಳಿದವರಿಗೆ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇಗಳಂಥ ಸರ್ಕಾರಿ ಸಂಸ್ಥೆಗಳು ನೌಕರಿ ಕೊಟ್ಟು ತಂಡಗಳನ್ನು ಕಟ್ಟಿದವು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1952–53ರಲ್ಲಿ, ಆಮೇಲೆ 1967–68 ಮತ್ತು 1968–69ರಲ್ಲಿ ಗೆದ್ದಿತು. 1946–47ರದೂ ಸೇರಿ ನಾಲ್ಕು ಬಾರಿಯೂ ಫೈನಲ್‌ನಲ್ಲಿ ಸೋತದ್ದು ಬಂಗಾಳ. ತನ್ನ ಕ್ಲಬ್ಬುಗಳಿಗೆ ಆಟಗಾರರನ್ನು ಕೊಟ್ಟ ನಾಡಿನ ಎದುರೇ ಬಂಗಾಳ ಹೀಗೆ ಮತ್ತೆ ಮತ್ತೆ ಸೋತಿತು.

ಆಮೇಲೆ ಈ ಹರಿವು ತೆಳುವಾಯಿತು. ಸಂಸ್ಥೆಗಳ ತಂಡಗಳು ಕುಗ್ಗಿದವು, ದಂಡಿನ ಬಯಲುಗಳು ಕಡಿಮೆಯಾದವು. ಸಂತೋಷ್ ಟ್ರೋಫಿಯ ಮುಂದಿನ ಗೆಲುವಿಗೆ ಕರ್ನಾಟಕ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯದ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಅದು ಪ್ರಶಸ್ತಿ ಪಡೆಯಿತು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಐ-ಲೀಗ್ ಮತ್ತು ಇಂಡಿಯನ್ ಸೂಪರ್ ಲೀಗ್ ಪ್ರಶಸ್ತಿಗಳನ್ನು ಗೆದ್ದಿದೆ. ಇದರೊಂದಿಗೆ ಹೊರಗಿನ ಆಟಗಾರರು ಈ ಊರಿಗೆ ಬಂದು ಆಡುವ ಕಾಲವೂ ಬಂದಿದೆ. ಅಹಮದ್ ಖಾನ್ ಆಡಿದ ಕಾಲದಲ್ಲಿ ಒಳ್ಳೆಯ ಆಟಗಾರನ ದಾರಿ ಬೆಂಗಳೂರಿನಿಂದ ಹೊರಕ್ಕೆ ಮಾತ್ರ ಇತ್ತು. ಹಾಗೆ ಹೊರಟವರಲ್ಲಿ ಎರಡು ಒಲಿಂಪಿಕ್ಸ್, ಒಂದು ಏಷ್ಯನ್ ಚಿನ್ನ ಮತ್ತು ಒಂದೇ ಕ್ಲಬ್ಬಿನಲ್ಲಿ ಒಂದು ದಶಕ, ಈ ಮೂರನ್ನೂ ಪಡೆದ ಅಪರೂಪದ ಆಟಗಾರ ಈತ.